ತೇಪೆ ಕಾಣದ ರಸ್ತೆ

"ನಮ್ಮ ರಸ್ತೆ ಇಲ್ಲ ಇದ್ರಲ್ಲಿ, ರೋಸಿ," ಎಂದ ಇಂಗೊಲ್ಫ್. ರಸ್ತೆ ದುರಸ್ತಿಯ ಕಿತ್ತಳೆ ಬಣ್ಣದ ಲಾರಿಯ ಸ್ಟಿಯರಿಂಗ್ ಮೇಲೆ ಜಿಲ್ಲಾ ಪತ್ರಿಕೆ ಹರಡಿಕೊಂಡು ಅವನು ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದ. "ಐದು ದಾರಿ ಹಾಕಿದ್ದಾರೆ. ಒಂದು ನದಿ ಪಕ್ಕ, ಒಂದು ಹಳೇ ರೈಲು ದಾರಿ ಮೇಲೆ... ಇದು ನೋಡು, ಹೋಲ್ಸ್‌ಬಾಖ್ ತನಕ ಬಂದು ಬಾಲ ಮುದುರ್ಕೊಂಡು ವಾಪಸ್ ಹೋಗಿದೆ."

ಪಕ್ಕದ ಸೀಟಿನಲ್ಲಿದ್ದ ರೋಸ್ವಿಥಾ ಡಿಪ್ಪೆಲ್ ಬ್ರೆಡ್ಡು, ಒಣ ಸಾಸೇಜು ಅಗಿಯುವುದನ್ನು ನಿಲ್ಲಿಸಿದಳು. "ಕೊಡಿಲ್ಲಿ."

ಕ್ನ್ಯೂಲ್ ಬೆಟ್ಟದ ಕಾಡಿನ ನಡುವೆ ರೇಸ್ ಸೈಕಲ್ಲಿನವರಿಗಾಗಿ ಐದು ದಾರಿಗಳನ್ನು ಗುರುತಿಸಲಾಗಿದೆ, ಇದು ಸೈಕಲ್ ಕ್ಲಬ್ಬಿನ ಕರಡು ಪಟ್ಟಿ, ಆಕ್ಷೇಪಣೆಗೆ ಜೂನ್ ಕೊನೆಯವರೆಗೆ ಅವಕಾಶವಿದೆ ಎಂದು ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಹೋಲ್ಸ್‌ಬಾಖ್‌ನಿಂದ ಐಖೆನ್‌ರೋಡೆಗೆ ಹೋಗುವ ಕಾಡುರಸ್ತೆಯ ಡಾಂಬರು ಕಳಪೆಯಾಗಿರುವುದರಿಂದ ಕೈಬಿಡಲಾಗಿದೆ.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಪತ್ರಿಕೆ ಮಡಚಿ ಇಂಗೊಲ್ಫ್‌ನ ತೊಡೆಯ ಮೇಲೆ ಹಾಕಿದಳು. "ಕಳಪೆಯಂತೆ," ಎಂದಳು.

"ಬಿಡು. ಬರೆದವನು ಯಾವನೋ."

"ಯಾವನೋ ಅಲ್ಲ. ರುಪರ್ಟ್. ಕ್ಲಬ್ಬಿನ ಸೆಕ್ರೆಟರಿ."

ಮೂವತ್ತೊಂದು ವರ್ಷದ ಹಿಂದೆ ರೋಸ್ವಿಥಾ ರಸ್ತೆ ದುರಸ್ತಿಯ ತಂಡಕ್ಕೆ ಸೇರಿದಾಗ ಅಲ್ಲಿ ಇನ್ನೊಬ್ಬ ಹೆಂಗಸಿರಲಿಲ್ಲ. ಗಂಡಸರು ಒಳ್ಳೆಯ ರಸ್ತೆಗಳನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡು, ಯಾರಿಗೂ ಬೇಡವಾಗಿದ್ದ ಈ ಏಳು ಕಿಲೋಮೀಟರನ್ನು ಅವಳ ಕೊರಳಿಗೆ ಕಟ್ಟಿದ್ದರು. ಎರಡೂ ಕಡೆ ಬೀಚ್ ಮರಗಳ ದಟ್ಟ ನೆರಳು, ವರ್ಷದ ಎಂಟು ತಿಂಗಳು ಒಣಗದ ತೇವ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಡಾಂಬರನ್ನು ಒಳಗಿನಿಂದಲೇ ಸೀಳುವ ರಸ್ತೆ. ದಿನಕ್ಕೆ ಹತ್ತೋ ಹನ್ನೆರಡೋ ಕಾರು, ಮರದ ದಿಮ್ಮಿ ಸಾಗಿಸುವ ಒಂದೆರಡು ಲಾರಿ. ಇನ್ನುಳಿದಂತೆ ಜಿಂಕೆಗಳದ್ದೇ ಓಡಾಟ. ಆ ಗಂಡಸರೆಲ್ಲ ನಿವೃತ್ತರಾಗಿ ಹೋದರು. ಅವಳು ಬೇರೆ ರಸ್ತೆ ಕೇಳಲೇ ಇಲ್ಲ.

ಈಗ ಮಾತು ಬರೀ ಮರ್ಯಾದೆಯದ್ದಾಗಿರಲಿಲ್ಲ. ಅಕ್ಟೋಬರಿನಲ್ಲಿ ಜಿಲ್ಲಾ ಸಭೆ ಸೇರಿದಾಗ, ಯಾವ ಉಪಯೋಗಕ್ಕೂ ಇಲ್ಲವೆಂದು ಕಂಡ ಸಣ್ಣ ರಸ್ತೆಗಳನ್ನು ಅರಣ್ಯದವರಿಗೆ ಒಪ್ಪಿಸುವವರಿದ್ದರು. ಅವರು ಡಾಂಬರು ಹಾಕುವುದಿಲ್ಲ. ಕಿತ್ತುಹೋದ ಕಡೆ ಜಲ್ಲಿ ಸುರಿಯುತ್ತಾರೆ, ಅಷ್ಟೆ. ಸೈಕಲ್ ದಾರಿಗಳ ಪಟ್ಟಿಯಲ್ಲಿರುವ ರಸ್ತೆಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಮುಂದಿನ ಮಾರ್ಚಿಗೆ ರೋಸ್ವಿಥಾ ನಿವೃತ್ತಳಾಗುವವಳು. ತಾನು ಹೋದ ಮಾರನೆಯ ವರ್ಷವೇ ತನ್ನ ರಸ್ತೆಯ ಮೇಲೆ ಜಲ್ಲಿ ಬೀಳುವುದನ್ನು ನೆನೆದು ಅವಳು ಉಳಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟಳು.

ಶನಿವಾರ ಮಧ್ಯಾಹ್ನ ಅವಳು ಕೆಲಸದ ಬಟ್ಟೆಯಲ್ಲೇ ರುಪರ್ಟ್‌ನ ಮನೆಗೆ ಹೋದಳು. ಫೋಲ್ಕ್‌ಮಾರ್ ರುಪರ್ಟ್ ನಿವೃತ್ತ ಸರ್ವೇಯರ್. ಅರವತ್ತೆಂಟು ವರ್ಷ, ಒಣಕಲು ಮೈ, ರೇಸಿನವರಂತೆ ನುಣ್ಣಗೆ ಬೋಳಿಸಿಕೊಂಡ ಕಾಲು. ಕಾರಿನ ಶೆಡ್ಡಿನಲ್ಲಿ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ ಚೈನು ಒರೆಸುತ್ತಿದ್ದ.

"ಆಕ್ಷೇಪಣೆ ಆದ್ರೆ ಬರೆದು ಕಳಿಸಿ," ಎಂದ, ತಲೆಯೆತ್ತದೆ.

"ನಂಗೆ ಬರೆಯೋದಕ್ಕಿಂತ ಮಾತಾಡೋದು ಸಲೀಸು. ಕಳಪೆ ಅಂತ ಹಾಕಿದ್ದೀರಲ್ಲ, ಆ ರಸ್ತೇಲಿ ಕೊನೇ ಸಲ ಯಾವಾಗ ಹೋಗಿದ್ರಿ?"

"ಹನ್ನೊಂದು ವರ್ಷ ಆಯ್ತು." ಆತ ಅಂಗಿಯ ಕಾಲರು ಸರಿಸಿ ಕೊರಳೆಲುಬಿನ ಮೇಲಿನ ಉಬ್ಬು ತೋರಿಸಿದ. "ಇದು ನಿಮ್ಮ ರಸ್ತೆ ಕೊಟ್ಟ ಬಳುವಳಿ. ಆರು ತಿರುಪು, ಒಂದು ಲೋಹದ ಪಟ್ಟಿ. ಇವತ್ತಿಗೂ ಒಳಗೇ ಇದೆ. ಒಂದು ಗುಂಡಿ ಮಾಡಿದ ಕೆಲಸ ಇದು, ತಾಯಿ."

ರೋಸ್ವಿಥಾ ಉಬ್ಬನ್ನು ನೋಡಿದಳು. ಅವಳು ಇದನ್ನು ಹೇಳುವ ಯೋಚನೆ ಮಾಡಿಕೊಂಡು ಬಂದಿರಲಿಲ್ಲ.

"ಆ ಗುಂಡಿ ನಂದು," ಎಂದಳು.

"ನಿಮ್ದು ಅಂದ್ರೆ?"

"ಶುಕ್ರವಾರ ಸಂಜೆ ನಾನು ಅದನ್ನ ನೋಡಿದ್ದೆ. ಲಾರೀಲಿ ಡಾಂಬರಿನ ಮಾಲು ಖಾಲಿ ಆಗಿತ್ತು. ಸೋಮವಾರ ಮುಚ್ಚಿದ್ರಾಯ್ತು, ಈ ಚಳೀಲಿ ಇಲ್ಲಿ ಯಾರು ಸಾಯೋಕೆ ಬರ್ತಾರೆ ಅಂದ್ಕೊಂಡು ಹೋದೆ. ಭಾನುವಾರ ನೀವು ಬಂದ್ರಿ."

ರುಪರ್ಟ್‌ನ ಕೈಯಲ್ಲಿದ್ದ ಬಟ್ಟೆ ಚೈನಿನ ಮೇಲೆಯೇ ನಿಂತಿತು. "ಇಷ್ಟು ವರ್ಷ ಹೇಳಲಿಲ್ಲ ನೀವು."

"ಇಲ್ಲ. ತಪ್ಪಾಯ್ತು. ಆವತ್ತಿಂದ ಒಂದು ಗುಂಡೀನೂ ಸೋಮವಾರಕ್ಕೆ ಅಂತ ಬಿಟ್ಟಿಲ್ಲ, ಅದನ್ನೂ ಹೇಳ್ಬೇಕು." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾಳೆ ಬನ್ನಿ. ಮೇಲಿಂದ ಇಳೀರಿ. ನೀವು ಬಿದ್ದ ಜಾಗ ಯಾವುದು ಅಂತ ತೋರಿಸಿ. ತೋರಿಸಿಬಿಟ್ರೆ ನಾನು ಮತ್ತೆ ಬಾಯಿ ಬಿಡಲ್ಲ, ಕಳಪೆ ಅಂತಲೇ ಅಚ್ಚು ಹಾಕಿಸಿ."

"ಬಿದ್ದವನಿಗೆ ಬಿದ್ದ ಜಾಗ ಮರೆಯುತ್ತೇನ್ರೀ?"

"ಹಾಗಾದ್ರೆ ನಿಮಗೇನು ಭಯ?"

ಮರುದಿನ ಒಂಬತ್ತು ಗಂಟೆಗೆ ಆತ ಘಟ್ಟದ ತುದಿಯಲ್ಲಿ ಕಾಯುತ್ತಿದ್ದ. ರೋಸ್ವಿಥಾ ತನ್ನ ಹಳೆಯ ಕಾರನ್ನು ತಿರುಗಿಸಿ ಆತನ ಹಿಂದೆ ನಿಲ್ಲಿಸಿದಳು. ಆತ ಪೆಡಲ್ಲಿಗೆ ಕಾಲು ಸಿಕ್ಕಿಸಿ ಹೊರಟ.

ಮೊದಲ ಕಿಲೋಮೀಟರು ಆತ ಬ್ರೇಕಿನ ಮೇಲಿಂದ ಬೆರಳು ತೆಗೆಯಲಿಲ್ಲ. ಹೆಗಲು ಕಿವಿಗೆ ತಾಗುವಂತಿತ್ತು. ಕತ್ತು ಚಾಚಿ ಮುಂದಿನ ಚಕ್ರದ ಮುಂದೆ ಮೂರು ಅಡಿಯನ್ನೇ ನೋಡುತ್ತಿದ್ದ, ಕಳೆದುಹೋದ ಉಂಗುರ ಹುಡುಕುವವನ ಹಾಗೆ. ಕಾರಿನಲ್ಲಿ ರೋಸ್ವಿಥಾಳಿಗೆ ಒಂದೊಂದು ತಿರುವಿನಲ್ಲೂ ಅಲ್ಲಿ ಮಾಡಿದ ಕೆಲಸ ನೆನಪಾಗುತ್ತಿತ್ತು. ಬೇರೆಯವರು ಗುಂಡಿಗೆ ಮಾಲು ಸುರಿದು, ಸಲಿಕೆಯಿಂದ ಎರಡು ಪೆಟ್ಟು ಹಾಕಿ ಲಾರಿ ಹತ್ತುವವರು. ಅವಳು ಹಾಗೆ ಎಂದೂ ಮಾಡಿದವಳಲ್ಲ. ಎರಡನೆಯ ಕಿಲೋಮೀಟರಿನಲ್ಲಿ ರುಪರ್ಟ್‌ನ ಹೆಗಲು ಕೆಳಗಿಳಿಯಿತು. ಮೂರನೆಯದರಲ್ಲಿ ಆತ ಕೈಯನ್ನು ಹ್ಯಾಂಡಲ್ಲಿನ ಕೆಳಭಾಗಕ್ಕೆ ಒಯ್ದು, ಬೆನ್ನು ಬಾಗಿಸಿ, ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟುಬಿಟ್ಟ. ಕಾರಿನ ಮುಳ್ಳು ಐವತ್ತೈದಕ್ಕೆ ಏರಿತು. ಅವಳು ನಗುತ್ತ ಗೇರು ಬದಲಿಸಿದಳು.

ಒಂದು ಎಡತಿರುವು ದಾಟಿದ ಮೇಲೆ ಆತ ಗಕ್ಕನೆ ನಿಂತು ಕಾಲೂರಿದ.

"ಇಲ್ಲಿ," ಎಂದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. "ಈ ಮೋರಿ ಪಕ್ಕದಲ್ಲೇ."

"ಅಲ್ಲ."

"ಅಲ್ಲ ಅಂದ್ರೆ? ನಾನು ಇಲ್ಲೇ ಬಿದ್ದಿದ್ದು."

"ಇಲ್ಲಿ ನೀವು ಬಂದು ಬಿದ್ದಿದ್ರಿ, ಉರುಳಿಕೊಂಡು. ಚಕ್ರ ಸಿಕ್ಕಿದ್ದು ಮೇಲೆ. ಅರವತ್ತು ಅಡಿ ಹಿಂದೆ. ಈಗ ತಾನೇ ಅದರ ಮೇಲೆ ಹಾದು ಬಂದ್ರಿ."

ಇಬ್ಬರೂ ನಡೆದು ಮೇಲೆ ಹೋದರು. ರೋಸ್ವಿಥಾ ಒಂದು ಕಡೆ ನಿಂತು ಬೂಟಿನ ತುದಿಯಿಂದ ನೆಲ ತೋರಿಸಿದಳು. ರುಪರ್ಟ್ ಬಗ್ಗಿ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ಕೊನೆಗೆ ಮಂಡಿಯೂರಿ ಅಂಗೈಯನ್ನು ಡಾಂಬರಿನ ಮೇಲೆ ಹಾಯಿಸಿದ. ಕೋಟಿನ ಒಳಹೊಲಿಗೆಯಷ್ಟು ತೆಳ್ಳನೆಯ ಗೆರೆಯೊಂದು ಬೆರಳಿಗೆ ಸಿಕ್ಕಿತು. ಅದನ್ನೇ ಹಿಡಿದು ಹೋದರೆ ಒಂದು ಮೂಲೆ, ಅಲ್ಲಿಂದ ಇನ್ನೊಂದು ಮೂಲೆ.

"ಚೌಕ ಕತ್ತರಿಸಿದ್ದೀರಿ."

"ದುಂಡಗೆ ಬಿಟ್ರೆ ಅಂಚು ಬೇಗ ಏಳುತ್ತೆ. ಮೊದಲು ಒಳಗಿನ ನೀರು ಪೂರ್ತಿ ಒಣಗಿಸ್ಬೇಕು. ಅಂಚಿಗೆಲ್ಲ ಬಿಸಿ ಟಾರು ಬಳೀಬೇಕು. ಮಾಲು ಒಂದೇ ಸಲ ಸುರೀಬಾರ್ದು, ಎರಡು ಪದರ, ಎರಡಕ್ಕೂ ಬೇರೆ ಬೇರೆ ದಮ್ಮಸು." ಅವಳ ದನಿ ತಾನಾಗಿ ಏರಿತ್ತು. "ಹನ್ನೊಂದು ಚಳಿಗಾಲ ಕಳೆದಿದೆ ಇದರ ಮೇಲೆ. ಎಲ್ಲಾದ್ರೂ ಬಾಯಿ ಬಿಟ್ಟಿದ್ಯಾ, ನೋಡಿ."

"ಇಂಥ ತೇಪೆ ಎಷ್ಟಿದೆ ಈ ರಸ್ತೇಲಿ?"

"ಎಣಿಸಿಲ್ಲ. ಎಣಿಸೋದು ಆಫೀಸಿನವರ ಕೆಲಸ."

ರುಪರ್ಟ್ ಮಂಡಿಯ ಮೇಲೆಯೇ ಕೂತು ಮೇಲಕ್ಕೂ ಕೆಳಕ್ಕೂ ರಸ್ತೆ ನೋಡಿದ. ನಲವತ್ತು ವರ್ಷ ನೆಲ ಅಳೆದ ಕಣ್ಣು ಅದು. "ನಾನೊಬ್ಬನೇ ತೀರ್ಮಾನ ಮಾಡೋ ಹಾಗಿಲ್ಲ," ಎಂದ. "ಮೂವರ ಸಮಿತಿ ಇದೆ. ಅವರಲ್ಲಿ ಇಬ್ಬರು ಮಹಾ ಮೊಂಡರು."

"ಮೂರನೆಯವರು?"

"ಮೂರನೆಯವನು ನಾನು." ಆತ ಎದ್ದು ಕೈ ಚಾಚಿದ. "ಸೈಕಲ್ಲಿನವರು ನಾವು ರಸ್ತೆ ಮೇಲೆ ನೀವು-ಗೀವು ಅನ್ನಲ್ಲ. ನಾನು ಫೋಲ್ಕ್‌ಮಾರ್."

"ನಾನು ಸೈಕಲ್ ಹತ್ತಿ ಇಪ್ಪತ್ತು ವರ್ಷ ಆಯ್ತು."

"ರಸ್ತೆ ಮೇಲಂತೂ ಇದ್ದೀಯಲ್ಲ."

ಅವಳು ಕೈ ಕುಲುಕಿದಳು. "ರೋಸ್ವಿಥಾ. ಈಗ ಹೋಗು, ಇನ್ನೂ ಮೂರು ಕಿಲೋಮೀಟರ್ ಇದೆ. ಕೆಳಗಡೇದು ಇದಕ್ಕಿಂತ ಚೆನ್ನಾಗಿದೆ."

ಜುಲೈಯಲ್ಲಿ ಅಂತಿಮ ಪಟ್ಟಿ ಹೊರಬಿತ್ತು. ನಾಲ್ಕನೆಯ ದಾರಿ ಹೋಲ್ಸ್‌ಬಾಖ್‌ನಲ್ಲಿ ಬಾಲ ಮುದುರದೆ ನೇರ ಐಖೆನ್‌ರೋಡೆಗೆ ಹೋಗಿತ್ತು. ಪಕ್ಕದಲ್ಲಿ ಎರಡೇ ಪದ: ಡಾಂಬರು ಉತ್ಕೃಷ್ಟ. ಇಂಗೊಲ್ಫ್ ಅದನ್ನು ಕತ್ತರಿಸಿ ಲಾರಿಯ ಗಾಜಿನ ಒಳಗೆ ಅಂಟಿಸಿ, ಎದುರಿಗೆ ಬಂದ ಬೇರೆ ತಂಡದವರಿಗೆಲ್ಲ ಹಾರನ್ ಹೊಡೆದು ತೋರಿಸಿದ. ಅಕ್ಟೋಬರಿನ ಸಭೆಯಲ್ಲಿ ಆ ರಸ್ತೆಯ ಸುದ್ದಿಯೇ ಏಳಲಿಲ್ಲ. ಮಾರ್ಚಿನಲ್ಲಿ ರೋಸ್ವಿಥಾ ಬೂಟು, ಕೈಗವಸು ಒಪ್ಪಿಸಿ ಮನೆಗೆ ಬಂದಳು.

ಮೇ ತಿಂಗಳ ಎರಡನೆಯ ಭಾನುವಾರ ದಾರಿಗಳ ಉದ್ಘಾಟನೆ. ಊರಿನ ಚೌಕದಲ್ಲಿ ಬಣ್ಣಬಣ್ಣದ ಜರ್ಸಿ ತೊಟ್ಟ ತೊಂಬತ್ತು ಮಂದಿ ಸೇರಿದ್ದರು. ಮೈಕಿನ ಮುಂದೆ ನಿಂತವರು ಪ್ರವಾಸೋದ್ಯಮದವರಿಗೆ, ದಾನಿಗಳಿಗೆ, ಕಾಫಿ, ಕೇಕು ಮಾಡಿದ ಮಹಿಳಾ ಸಂಘಕ್ಕೆ ಧನ್ಯವಾದ ಹೇಳಿದರು. ರಸ್ತೆಯವರ ಹೆಸರು ಬರಲಿಲ್ಲ.

"ನಾನು ಹೋಗಿ ಮೈಕು ಕಿತ್ಕೊಳ್ಳಲಾ?" ಎಂದ ಇಂಗೊಲ್ಫ್, ಕಿವಿ ಕೆಂಪಾಗಿ. ದೂರದಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ ಫೋಲ್ಕ್‌ಮಾರ್ ಕೂಡ ಮುಖ ಗಂಟಿಕ್ಕಿಕೊಂಡು ವೇದಿಕೆಯ ಕಡೆ ನೋಡುತ್ತಿದ್ದ.

"ಸುಮ್ನಿರು ಮಾರಾಯ. ಮಾತು ಮುಗಿಯೋದ್ರೊಳಗೆ ಮೇಲೆ ಹೋಗೋಣ, ನಡಿ. ಒಳ್ಳೇ ಜಾಗ ತೋರಿಸ್ತೀನಿ."

ಅವಳು ಅವನನ್ನು ನಾಲ್ಕನೆಯ ಕಿಲೋಮೀಟರಿನ ನೇರ ಇಳಿಜಾರಿಗೆ ಕರೆದುಕೊಂಡು ಹೋದಳು. ಬೀಚ್ ಮರಗಳ ಹೊಸ ಎಲೆಯ ಬೆಳಕು ರಸ್ತೆಯ ಮೇಲೆ ಹಸಿರಾಗಿ ಬಿದ್ದಿತ್ತು. ಇಬ್ಬರೂ ಕಡಿದು ಪೇರಿಸಿದ ದಿಮ್ಮಿಗಳ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ರೇಷ್ಮೆ ಹರಿದಂಥ ಸದ್ದು ಬಂತು. ಒಂದು ಗುಂಪು, ಮತ್ತೊಂದು ಗುಂಪು, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರ, ಸರ್ರನೆ ಹಾದುಹೋದವು. ಫೋಲ್ಕ್‌ಮಾರ್ ಹೋಗುತ್ತ "ರೋಸ್ವಿಥಾ!" ಎಂದು ಕೂಗಿದ್ದು ತಿರುವಿನಾಚೆ ಕೇಳಿಸಿತು.

ಎಲ್ಲರ ಹಿಂದೆ ಒಬ್ಬ ಹುಡುಗಿ ಒಂಟಿಯಾಗಿ ಬಂದಳು. ಕಾಡಿನ ನೆರಳು ತಣ್ಣಗೆ ತಾಗಿರಬೇಕು. ಅವಳು ಎರಡೂ ಕೈಗಳನ್ನು ಹ್ಯಾಂಡಲ್ಲಿನಿಂದ ಎತ್ತಿ, ನೆಟ್ಟಗೆ ಕುಳಿತು, ಬೆನ್ನಿನ ಜೇಬಿನಿಂದ ಜಾಕೆಟ್ ಎಳೆದು ಕೊಡವಿದಳು. ಒಂದು ತೋಳು ಹಾಕಿಕೊಂಡಳು. ಇನ್ನೊಂದು ತೋಳು ಗಾಳಿಗೆ ಸಿಕ್ಕಿ ಹಿಂದೆ ಪಟಪಟಿಸಿತು. ಅವಳು ರಸ್ತೆಯ ಕಡೆ ನೋಡದೆ, ತಲೆ ಹಿಂದಕ್ಕೆ ತಿರುಗಿಸಿ, ಆತುರವಿಲ್ಲದೆ ಅದನ್ನು ಹುಡುಕಿ ಹಿಡಿದು ಕೈ ತೂರಿಸಿದಳು. ಹಾಡೇನೋ ಗುನುಗುತ್ತ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡು ಹಾಗೇ ಇಳಿದು ಹೋದಳು.