ಸಾಹೇಬರದಕ್ಕಿಂತ ಸಣ್ಣ ಗಿರಕಿ

ಶರಣಬಸಮ್ಮ ಗಾಳದ ಕೋಲನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಂಡು, ಬಚ್ಚಲಲ್ಲಿ ಸತ್ತುಬಿದ್ದ ಇಲಿಯನ್ನು ಎತ್ತುವವಳ ಹಾಗೆ ಎರಡೇ ಬೆರಳಲ್ಲಿ ಎತ್ತಿದಳು. ಹಿಡಿಯ ಮೇಲೆ ಕೂತಿದ್ದ, ದಾರ ಸುತ್ತುವ ಗಿರಕಿಯಿಂದ ಎಣ್ಣೆಯ ವಾಸನೆ ಬಂತು. ಎಣ್ಣೆಯ ಹಿಂದೆಯೇ, ಎಷ್ಟು ತೊಳೆದರೂ ಹೋಗದ ಇನ್ನೊಂದು ವಾಸನೆ. ಅವಳು ಬಾಯಿಂದ ಉಸಿರು ತೆಗೆದುಕೊಳ್ಳುತ್ತ ಪರದೆ ಸರಿಸಿ ಹೊರಗೆ ಬಂದಳು.

ಹೊರಗೆ ಫರ್ಸಿಕಲ್ಲಿನ ಕಟ್ಟೆಯ ಮೇಲೆ ಅವಳ ಗಂಡ ನಾಗೇಂದ್ರಪ್ಪ ಕೂತಿದ್ದ. ಒಳಗೆ ಕೋಲು ಮಾರಲು ಕೂತಿದ್ದ ಜೈಬುನ್ನೀಸಾ ಗೋಷಾದ ಹೆಂಗಸು. ಗಂಡಸರಿಲ್ಲದ ಮನೆಯೊಳಗೆ ಪರಗಂಡಸು ಕಾಲಿಡುವಂತಿರಲಿಲ್ಲ. ಅವಳೂ ಅವನೊಂದಿಗೆ ನೇರ ಮಾತಾಡುವಂತಿರಲಿಲ್ಲ. ಅದಕ್ಕೆಂದೇ ನಾಗೇಂದ್ರಪ್ಪ ಹೆಂಡತಿಯನ್ನು ಕರೆತಂದಿದ್ದ. ಸಾಮಾನನ್ನೂ ಮಾತನ್ನೂ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸಾಗಿಸುವುದು ಅವಳ ಕೆಲಸ.

ನಾಗೇಂದ್ರಪ್ಪ ಶಹಾಬಾದಿನ ಒಂದು ಕಲ್ಲಿನ ಕಂಪನಿಯಲ್ಲಿ ಗುಮಾಸ್ತ. ಮಳೆಗಾಲ ಮುಗಿದ ಮೇಲೆ ಮುಂಬೈಯಿಂದ ಬಂದ ಹೊಸ ಸಾಹೇಬರು ಪ್ರತಿ ಭಾನುವಾರ ಕಾಗಿಣಾ ನದಿಯ ದಂಡೆಗೆ ಮೀನು ಹಿಡಿಯಲು ಹೋಗುತ್ತಿದ್ದರು. ಒಂದು ದಿನ ಅವರು ನಗುತ್ತ, "ನಿಮಗೆ ಗಾಳ ಹಾಕಲು ಬರುತ್ತದೆಯೇ?" ಎಂದು ಕೇಳಿದ್ದೇ ತಡ, ಇವನು, "ಸಣ್ಣಾವಿದ್ದಾಗಿಂದ ರೂಢಿ ಅದರಿ" ಅಂದುಬಿಟ್ಟಿದ್ದ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ತತ್ತಿ ಕೂಡ ಹೊಸ್ತಿಲು ದಾಟದ ಮನೆಯವನು. ಹೆಡ್ ಗುಮಾಸ್ತರ ಕುರ್ಚಿ ಯುಗಾದಿಗೆ ಖಾಲಿಯಾಗುವುದಿತ್ತು.

"ಹಿಡದಿದ್ದು ಮನೀಗೆ ತರಂಗಿಲ್ಲ. ಸಾಹೇಬ್ರಿಗೇ ಕೊಟ್ಟುಬಿಡೋದು. ಇದ್ರಾಗ ಪಾಪ ಎಲ್ಲಿಂದ ಬಂತು?" ಎಂದು ಅವನು ಅವಳಿಗೆ ಸಮಜಾಯಿಷಿ ಹೇಳಿದ್ದ. ವರ್ಷದ ಜೋಳಕ್ಕೆಂದು ತೆಗೆದಿಟ್ಟಿದ್ದ ನಲವತ್ತು ರೂಪಾಯಿ ಅವನ ಕೋಟಿನ ಒಳಜೇಬಿನಲ್ಲಿತ್ತು.

ಈಗ ಅವನು ಕೋಲನ್ನು ಎತ್ತಿ, ಎತ್ತಿನ ಬಾರುಕೋಲು ನೋಡುವವನ ಹಾಗೆ ಅದರ ದಪ್ಪ, ಗಿರಕಿಯ ಗಾತ್ರ ನೋಡಿದ. "ಇದು ದೊಡ್ಡದಾತು. ಸಾಹೇಬ್ರ ಗಿರಕಿ ಇದಕ್ಕಿಂತ ಸಣ್ಣದದ. ಅವರ ಮುಂದ ನಾ ಇಂಥಾದ್ದು ಹಿಡಕೊಂಡು ನಿಂತ್ರ ಏನಂದಾರು? ಒಂದು ಬೆರಳಾದ್ರೂ ಕಮ್ಮಿ ಇರಬೇಕು."

"ಮೀನು ಬೀಳೋದು ನೋಡಬೇಕೋ, ಬೆರಳು ಅಳೀಬೇಕೋ?" ಅಂದಳು ಶರಣಬಸಮ್ಮ.

"ನಿನಗ ತಿಳಿಯಂಗಿಲ್ಲ. ಸಣ್ಣದು ಅದನೋ ಏನೋ ಕೇಳು ಹೋಗು."

ಒಳಗೆ ಜೈಬುನ್ನೀಸಾ ಆಗಲೇ ಎರಡನೆಯದನ್ನು ಚಾಪೆಯ ಮೇಲೆ ಬಿಡಿಸಿಟ್ಟಿದ್ದಳು. ಅವಳ ಗಂಡ ಅಮೀರ್ ಅಲಿಗೆ ಮೀನಿನ ಹುಚ್ಚು. ಊರು ಬಿಟ್ಟ ಇಂಗ್ಲಿಷ್ ಇಂಜಿನಿಯರೊಬ್ಬನಿಂದ ಎರಡೂ ಕೋಲು ಕೊಂಡಿದ್ದನಂತೆ. ಪೊಲೀಸ್ ಆಕ್ಷನ್ ಆಗಿ ರಜಾಕಾರರನ್ನು ಹುಡುಕಿ ಹಿಡಿಯುತ್ತಿದ್ದ ವರ್ಷ ಮನೆ ಬಿಟ್ಟವನು ತಿರುಗಿ ಬಂದಿರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಇದ್ದ ಸುದ್ದಿಯೂ ಇಲ್ಲ. ಕೋಲು ಮಾರಿ, ಒಂದು ಹಳೆಯ ಹೊಲಿಗೆ ಮಶೀನು ಕೊಂಡು, ಅಣ್ಣನ ಮನೆಯ ಹಂಗಿಲ್ಲದೆ ಬದುಕುವ ಆಸೆ ಅವಳದು.

"ಅಕ್ಕಾ, ಸಚ್ ಹೇಳ್ತೀನಿ," ಅಂದಳು ಜೈಬುನ್ನೀಸಾ. "ಆ ದೊಡ್ಡದು ತಗೋಬ್ಯಾಡ್ರಿ. ದಾರ ಹಾಯೋ ತುದೀ ಉಂಗುರ ಸೀಳ್ಯದ." ಚಿಟಿಕೆ ಹತ್ತಿಯನ್ನು ಉಂಗುರದೊಳಗೆ ಹಾಯಿಸಿ ತೋರಿಸಬೇಕೆಂದು ಅವಳು ಕೈಚಾಚಿದಳು, ಆದರೆ ದೊಡ್ಡ ಕೋಲು ಹೊರಗಿತ್ತು. ಸಣ್ಣದರ ಉಂಗುರಗಳಲ್ಲೇ ಹತ್ತಿ ಎಳೆದಳು. ಎಲ್ಲಿಯೂ ಎಳೆ ಸಿಕ್ಕಿಕೊಳ್ಳಲಿಲ್ಲ. "ಅದರಾಗ ಎಳದ್ರ ಹತ್ತಿ ಸಿಗತದ. ದಾರನೂ ಹಂಗೇ ಕೊಯ್ತದ. ಹೊಸಬರಿಗಿ ಈ ಸಣ್ಣದೇ ಛಲೋ."

ಗಿರಕಿಯನ್ನು ಬೆರಳಿಂದ ತಿರುಗಿಸಿದಳು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು.

"ಬೀಸಿ ಒಗದಾಗ ದಾರದ ಮ್ಯಾಲ ಹೆಬ್ಬೆಟ್ಟು ಸುಮ್ನ ತಾಕಿಸಿ ಇಟ್ಕೋಬೇಕಂತ ಹೇಳ್ರಿ. ಕೈಬಿಟ್ರ ಗಿರಕಿ ತಾನೇ ಓಡತದ, ದಾರ ಗುಬ್ಬಿಗೂಡು ಆಗತದ. ನಮ್ಮವ್ರು ಮೊದಲನೇ ದಿನ ಗೂಡೇ ಹಿಡಕೊಂಡು ಬಂದಿದ್ರು, ಮೀನಲ್ಲ." ನಕ್ಕಳು, ನಗುವನ್ನು ಅರ್ಧಕ್ಕೆ ನುಂಗಿದಳು. "ಕೊಂಡಿಗಿ ಕೋಳಿ ಕರುಳು ಸಿಕ್ಕಸಬೇಕು."

ಶರಣಬಸಮ್ಮ ಸೆರಗನ್ನು ಮೂಗಿಗೆ ಹಿಡಿದಳು. "ಎಷ್ಟು ಅನ್ಲಿ, ಬೀಬಿ?"

"ನಲವತ್ತು. ದಾರ, ಕೊಂಡಿ ಎಲ್ಲಾ ಸೇರಿ."

ಸಣ್ಣದನ್ನು ಕಂಡು ನಾಗೇಂದ್ರಪ್ಪನ ಮುಖ ಅರಳಿತು. ಬೆರಳು ಮಡಚಿ ಅಳೆದ. ಸಾಹೇಬರದಕ್ಕಿಂತ ಖರೆಯೇ ಸಣ್ಣದಿತ್ತು. ದೊಡ್ಡದರ ಉಂಗುರ ಸೀಳಿದ ಸಂಗತಿಯನ್ನು ಶರಣಬಸಮ್ಮ ಹೇಳಿದಾಗ ಅವನು ಕಣ್ಣು ಕಿರಿದು ಮಾಡಿದ.

"ತನ್ನ ಮಾಲಿನ ಐಬು ತಾನೇ ಹೇಳಾಕತ್ತಾಳ? ಹಂಗಾದ್ರ ವ್ಯಾಪಾರ ಗೊತ್ತಿಲ್ಲದಕಿ. ಇಪ್ಪತ್ತು ಅನ್ನು."

ಶರಣಬಸಮ್ಮ ಇಪ್ಪತ್ತನ್ನು ಒಳಗೆ ಒಯ್ದಳು. ಆಗುವುದಿಲ್ಲ ಎಂಬುದನ್ನು ಹೊರಗೆ ತಂದಳು. ಆಗ ನಾಗೇಂದ್ರಪ್ಪ ಅವಳನ್ನು ಹತ್ತಿರ ಕರೆದ. ಅಡಿಕೆ ಅಗಿಯುತ್ತಿದ್ದ ಬಾಯನ್ನು ಅವಳ ಕಿವಿಗೆ ತಂದು, ಪಿಸುದನಿಯಲ್ಲಿ ಅಂದ: "ಹೀಂಗ ಹೇಳು. ನಿನ್ನ ಗಂಡ ಎಲ್ಲಿ ಅದಾನಂತ ಠಾಣಾದಾಗ ಇನ್ನೂ ಕೇಳಾಕತ್ತಾರ. ಫೌಜದಾರ ನಮ್ಮವ್ರ ಆಫೀಸಿಗಿ ಚಾ ಕುಡೀಲಿಕ್ಕ ಬರತಾನ. ನಮ್ಮವ್ರು ಒಂದು ಮಾತು ಅಂದ್ರ ಮುಗೀತು. ಹೀಂಗಂತ ಹೇಳು. ಹತ್ತಕ್ಕ ಕೊಡತಾಳ."

"ಖರೇನ ಕೇಳಾಕತ್ತಾರೇನ್ರಿ?"

"ಯಾರು ಕೇಳತಾರ ಈಗ? ಮಾತಿಗಿ ರೊಕ್ಕ ಬೀಳತದೇನು? ಮನ್ಯಾಗ ಜೋಳ ಉಳೀಬೇಕಂದ್ರ ಹೇಳು."

ಪಿಸುಗುಟ್ಟುವಾಗ ಸಿಡಿದ ಉಗುಳು ಅವಳ ಕಿವಿಯ ಮೇಲಿತ್ತು. ಒರೆಸಿಕೊಂಡಳು. ಕೋಲಿನ ವಾಸನೆಗೆ ಬಾಯಿಂದ ಉಸಿರಾಡಿ ಪಾರಾಗಿದ್ದಳು. ಇದಕ್ಕೆ ಯಾವ ಉಪಾಯವೂ ಇರಲಿಲ್ಲ. ಇದೇ ಬಾಯಿಯ ಎಂಜಲು ತಾಟಿನಲ್ಲಿ ಹದಿನಾಲ್ಕು ವರ್ಷ ಉಂಡಿದ್ದೇನೆ ಎಂಬುದು ನೆನಪಾಗಿ ಕಿವಿಯನ್ನು ಇನ್ನೊಮ್ಮೆ ಒರೆಸಿದಳು. ಜೋಳದ ಮಾತೂ ಸುಳ್ಳಲ್ಲ. ಹತ್ತಕ್ಕೆ ಆದರೆ ಮೂವತ್ತು ಉಳಿಯುತ್ತದೆ ಎಂದು ತನ್ನ ಮನಸ್ಸೂ ಆಗಲೇ ಲೆಕ್ಕ ಹಾಕಿದ್ದು ಅವಳಿಗೆ ಗೊತ್ತಾಯಿತು. ಅದರ ಮೇಲೂ ಹೇಸಿಗೆಯಾಯಿತು.

ಪರದೆಯ ಒಳಗೆ ಹೋಗಿ ನಿಂತಳು.

"ಏನಂದ್ರು, ಅಕ್ಕಾ?" ಜೈಬುನ್ನೀಸಾ ಮುಖ ಎತ್ತಿದಳು. ಚಾಪೆಯ ಮೇಲೆ ಅರ್ಧ ಹೊಲಿದ ಕುಪ್ಪಸ, ಸೂಜಿ ಚುಚ್ಚಿದಂತೆಯೇ ಬಿದ್ದಿತ್ತು.

ಹೇಳುವುದು ಒಂದೇ ಉಸಿರಿನ ಕೆಲಸ. ಮಾತು ಗಂಡನದು, ತಾನು ಸಾಗಿಸುವವಳು ಅಷ್ಟೇ ಎಂದುಕೊಳ್ಳಬಹುದಿತ್ತು. ಆದರೆ ಜೈಬುನ್ನೀಸಾ ಕೇಳುವುದು ಗಂಡಸಿನ ದನಿಯನ್ನಲ್ಲ. ಮುಂದೆ ಯಾವತ್ತು ಠಾಣೆಯ ಮುಂದೆ ಹಾಯ್ದರೂ ಇವಳ ಕಿವಿಯಲ್ಲಿ ಉಳಿಯುವುದು ಶರಣಬಸಮ್ಮನ ದನಿ.

"ಇನ್ನೂ ವಿಚಾರ ಮಾಡಾಕತ್ತಾರ," ಅಂದಳು. ಚಾಪೆಯ ಮೇಲಿನ ಕುಪ್ಪಸದ ಕಡೆಗೊಮ್ಮೆ ನೋಡಿ, ಹೊರಗೆ ಬಂದಳು.

"ಏನಂತಾಳ? ಅಂಜಿದಳೇನು?" ನಾಗೇಂದ್ರಪ್ಪ ಅರ್ಧ ಎದ್ದಿದ್ದ.

"ಅಂಜಿಲ್ಲ. ನಿಮ್ಮ ಸಾಹೇಬ್ರ ಹೆಂಡ್ತಿ ಕುಪ್ಪಸ ಹೊಲ್ಯಾಕಿ ಇಕಿನೇ ಅಂತ. ನಾಳಿ ಬಂಗಲೇಕ್ಕ ಕೊಡ್ಲಿಕ್ಕ ಹೋಗತಾಳಂತ. ಹೆಸರು ಏನಂದ್ರಿ ಅಂತ ಕೇಳಾಕತ್ತಾಳ, ನಿಮ್ಮದು."

ಒಂದಕ್ಷರವೂ ನಿಜವಲ್ಲ. ಅವಳ ನಾಲಿಗೆ ಎಲ್ಲಿಯೂ ತಡವರಿಸಲಿಲ್ಲ.

ನಾಗೇಂದ್ರಪ್ಪ ಕೂತುಬಿಟ್ಟ. ಬಾಯಲ್ಲಿದ್ದ ಅಡಿಕೆಯನ್ನು ಒಂದು ಕಡೆ ಸರಿಸಿದ. "ನೀ ಏನರ ಹೇಳಿದೇನು, ನಾ ಅಂದಿದ್ದು?"

"ಅರ್ಧ ಹೇಳೀನಿ."

"ಮಸ್ಕರಿಗಿ ಅಂದ್ರಂತ ಹೇಳು. ನಗಚಾಟಿಕಿಗಿ ಅಂದ್ರಂತ." ಕೋಟಿನೊಳಗೆ ಕೈಹಾಕಿ ನಲವತ್ತನ್ನೂ ತೆಗೆದ. ನೋಟಿನ ಮಡಿಕೆಯನ್ನು ತೊಡೆಯ ಮೇಲಿಟ್ಟು ಸವರಿ ಸರಿಮಾಡಿ ಕೊಟ್ಟ. ಆಮೇಲೆ ಪರದೆಯ ಕಡೆಗೆ ಕೊರಳು ಚಾಚಿ, ಆಫೀಸಿನಲ್ಲಿ ಸಾಹೇಬರ ಮುಂದೆ ತೆಗೆಯುವ ತೆಳು ದನಿಯಲ್ಲಿ, "ಮಾಲು ಭಾಳ ಛಲೋ ಅದರಿ ಬೀಬಿ. ನಮ್ಮಿಂದ ಏನರ ಕೆಲಸಿದ್ರ ಹೇಳಿ ಕಳಸ್ರಿ," ಅಂದ. ಪರದೆಗೆ ಕೈ ಕೂಡ ಮುಗಿದ.

ಹೆದರಿಸುವಾಗಿನ ಮುಖವೇ ಮೇಲು ಅನ್ನಿಸಿತು ಶರಣಬಸಮ್ಮನಿಗೆ.

ಒಳಗೆ ಜೈಬುನ್ನೀಸಾ ಹಣವನ್ನು ಕಣ್ಣಿಗೊತ್ತಿಕೊಂಡಳು. ಶರಣಬಸಮ್ಮನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. "ಇಷ್ಟು ದಿನ ಬಂದವರೆಲ್ಲ ಅರ್ಧಕ್ಕ ಕೇಳಿ ಹೋದ್ರು, ಅಕ್ಕಾ. ಗಂಡಸಿಲ್ಲದ ಮನಿ ಅಂತ ಒಬ್ಬರು ಹೊರಗ ನಿಂತು ಬೈದೂ ಹೋದ್ರು. ನಿಮ್ಮವರು ದೊಡ್ಡ ಮನಸ್ಸಿನವರು. ನಾ ಹಿಂಗ ಅಂದೆ ಅಂತ ಅವರಿಗಿ ಹೇಳ್ರಿ."

ಶರಣಬಸಮ್ಮ ಕೈ ಬಿಡಿಸಿಕೊಂಡು, ದೊಡ್ಡ ಕೋಲನ್ನು ಹೊರಗಿನಿಂದ ತಂದು ಒಪ್ಪಿಸಿ, ಹೊರಟಳು. ಬರಿಗೈಯಲ್ಲೇ ತಂದಿದ್ದು ಆಮೇಲೆ ತಿಳಿಯಿತು.

ಸ್ಟೇಶನ್ ರಸ್ತೆಯಲ್ಲಿ ನಾಗೇಂದ್ರಪ್ಪ ಕೋಲನ್ನು ಹೆಗಲಿಗೇರಿಸಿಕೊಂಡು ಮುಂದೆ ನಡೆದ. ನಾಲ್ಕು ಹೆಜ್ಜೆ ಹಿಂದೆ ಅವಳು. ಎದುರು ಬಂದ ಇಬ್ಬರಿಗೆ ಅವನು ಗಿರಕಿ ತಿರುಗಿಸಿ ತೋರಿಸಿದ. ಮೂಲೆ ದಾಟಿದ ಮೇಲೆ ನಿಂತು ತಿರುಗಿದ.

"ಕಡೀಗಿ ಒಳಗ ಏನೋ ಹೇಳಾಕತ್ತಿದ್ದಳಲ್ಲ, ಬೀಬಿ. ನನ್ನ ಮಾತೇನು? ಬಂಗಲೇದಾಗ ಛಲೋ ಹೇಳತಾಳಂತೇನು?"

"ಏನೂ ಅಂದಿಲ್ಲ," ಅಂದಳು ಶರಣಬಸಮ್ಮ.

"ಏನರ ಅಂದಿರಬೇಕು. ಅಷ್ಟು ರೊಕ್ಕ ಕೊಟ್ಟೀವಿ."

ಅವಳು ಅವನನ್ನು ದಾಟಿ ಮುಂದೆ ನಡೆದಳು. ಹದಿನಾಲ್ಕು ವರ್ಷದಲ್ಲಿ ಹಾಗೆ ಅವನಿಗಿಂತ ಮುಂದೆ ನಡೆದದ್ದು ಅದೇ ಮೊದಲು. ಹಿಂದಿನಿಂದ ಅವನು ಮತ್ತೆ ಕೇಳುತ್ತಲೇ ಇದ್ದ.