ಹಿಂಜಗಲಿಯಲ್ಲಿ ಕೂತವರು

ದೊಡ್ಡಬಳ್ಳಾಪುರದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಮಂಜೇಶನ ಕಂಪ್ಯೂಟರ್ ಸೆಂಟರ್. ಸುತ್ತಲೂ ಮಗ್ಗಗಳ ಸದ್ದು. ಆ ಸದ್ದು ನಿಂತಿತೆಂದರೆ ಕರೆಂಟು ಹೋಯಿತೆಂದೇ ಅರ್ಥ. ತೆರೆಯ ಮೇಲೆ ಕಟ್ಟಿ ಸೇವ್ ಮಾಡದ ಗೋಡೆ, ಕಂಬ, ಸೂರು ಎಲ್ಲ ಒಂದೇ ಏಟಿಗೆ ಮಾಯ. ಹಾಗಾಗಿ ಕಟ್ಟುವುದಕ್ಕಿಂತ ಮೊದಲು ಕಟ್ಟಿದ್ದನ್ನು ಉಳಿಸಿಕೊಳ್ಳುವುದನ್ನೇ ಅಲ್ಲಿ ಎಲ್ಲರೂ ಕಲಿಯುತ್ತಿದ್ದರು.

ಜ್ಯೋತಿಲಕ್ಷ್ಮಿ ಬೇಗ ಕಲಿತಳು. ತೊಂಬತ್ತೇಳರ ಬೇಸಿಗೆ, ಸಿವಿಲ್ ಡಿಪ್ಲೊಮಾದ ಕೊನೆಯ ವರ್ಷ. ಮಧುರೆ ಹೋಬಳಿಯ ತನ್ನೂರಿನ ಕಾಲೊನಿಯಿಂದ ಬಸ್ಸಿನಲ್ಲಿ ಬಂದು ಮೌಸ್ ಹಿಡಿದು ಕೂತರೆ, ಚಪ್ಪಟೆ ಗೆರೆಗಳು ಎದ್ದು ನಿಂತು ಗೋಡೆಗಳಾಗುತ್ತಿದ್ದವು. ಸೂರ್ಯನನ್ನು ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುತ್ತಿದ್ದಳು. ನೆರಳು ಅವಳು ಹೇಳಿದ ಕಡೆಗೇ ಬೀಳುತ್ತಿತ್ತು. ಊರಿನಲ್ಲಿ ಯಾರ ನೆರಳು ಯಾರ ಮೇಲೆ ಬೀಳಬಾರದೆಂದು ಲೆಕ್ಕ ಹಾಕುವವರನ್ನು ನೋಡಿ ಬೆಳೆದ ಹುಡುಗಿಗೆ ಇದು ಸಣ್ಣ ಸಂತೋಷವಲ್ಲ.

ಅದೇ ಊರಿಗೆ ಸಮುದಾಯ ಭವನ ಮಂಜೂರಾಗಿತ್ತು. ಗುದ್ದಲಿ ಪೂಜೆಯ ದಿನ ಚಪ್ಪರದಲ್ಲಿ ಕಟ್ಟಲು ದೊಡ್ಡದೊಂದು ಬಣ್ಣದ ಚಿತ್ರ ಬೇಕೆಂದು ಪಂಚಾಯಿತಿ ಅಧ್ಯಕ್ಷ ರಾಮಾಂಜಿನಪ್ಪ ಪ್ಲಾನು ತಂದುಕೊಟ್ಟಿದ್ದ. ಮಂಜೇಶ ಅದನ್ನು ಜ್ಯೋತಿಗೇ ಪ್ರಾಜೆಕ್ಟಾಗಿ ಕೊಟ್ಟ.

ಅವಳು ಪ್ಲಾನಿನಲ್ಲಿದ್ದ ಹಾಗೆಯೇ ಕಟ್ಟಿದಳು. ಮುಂದೆ ದೊಡ್ಡ ಊಟದ ಹಾಲ್, ಅದರ ಬೆನ್ನಿಗೊಂದು ಉದ್ದ ಗೋಡೆ, ಗೋಡೆಯಾಚೆ ಹಿಂಜಗಲಿ, ಅಲ್ಲೊಂದು ಬೇರೆ ನಲ್ಲಿ. "ಜನ ಹಾಕು, ಅಳತೆ ಗೊತ್ತಾಗ್ಲಿ" ಎಂದ ಮಂಜೇಶ. ಅವಳು ಕೂತ ಭಂಗಿಯ ಮನುಷ್ಯಾಕೃತಿಯೊಂದನ್ನು ಮಾಡಿ, ಅದನ್ನೇ ಕಾಪಿ ಮಾಡಿ ಹಾಲಿನ ತುಂಬ ಪಂಕ್ತಿ ಕೂರಿಸಿದಳು. ಆಮೇಲೆ ಹಿಂಜಗಲಿಯಲ್ಲೂ ಒಂದು ಸಾಲು ಕೂರಿಸಿದಳು.

ಮಂಜೇಶ ಪೇಟೆಯವನು. ನೋಡಿ ನಕ್ಕ. "ಲೇ ಜ್ಯೋತಿ, ಅಲ್ಲ್ಯಾಕಮ್ಮ ಜನ? ಅದು ಪಾತ್ರೆ ತೊಳೆಯೋ ಜಾಗ ಅಲ್ವಾ?"

"ಅಲ್ಲೇ ಅಲ್ವಾ ಸಾರ್ ನಾವು ಕೂರೋದು?"

ಹೇಳಿದ್ದು ಅವಳೇ. ಕೇಳಿಸಿಕೊಂಡವಳೂ ಅವಳೇ. ಮೌಸ್ ಮೇಲಿದ್ದ ಕೈ ಹಾಗೇ ನಿಂತಿತು. ಅಲ್ಲಿ ಜನ ಕೂರಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮದುವೆ, ತಿಥಿ, ದೇವರ ಊಟ ಎಲ್ಲದರಲ್ಲೂ ಹಿತ್ತಿಲಲ್ಲಿ ಕೂತು ಕೂತು ಕೈಗೇ ದಾರಿ ಗೊತ್ತಾಗಿಬಿಟ್ಟಿತ್ತು. ಇಷ್ಟು ದಿನ ಆ ಹಿತ್ತಿಲು ಅವರಿವರ ಮನೆಯದಾಗಿತ್ತು. ಈಗ ಸರ್ಕಾರವೇ ಸಿಮೆಂಟು ಹಾಕಿ ಕಟ್ಟಿಕೊಡಲಿತ್ತು. ಪಾಯ ತೆಗೆಯುವ ಮೊದಲು ಆ ಗೋಡೆ ಹೋದರೆ ಹೋಯಿತು. ಕಲ್ಲು ಕೂತ ಮೇಲೆ ಅವಳ ಮೊಮ್ಮಕ್ಕಳೂ ಅದರ ಹಿಂದೆಯೇ ಉಣ್ಣಬೇಕು.

ಮಂಜೇಶನ ನಗು ಇಳಿದಿತ್ತು. "ಅಳಿಸ್ತೀಯಾ?"

"ಇಲ್ಲ ಸಾರ್. ಇನ್ನೊಂದು ಕ್ಯಾಮೆರಾ ಇಡ್ತೀನಿ. ಹಿಂದ್ಗಡೆಯಿಂದ."

ಕಂಪ್ಯೂಟರಿನೊಳಗಿನ ಕಟ್ಟಡಕ್ಕೆ ಮುಂದಿನಿಂದೊಂದು, ಹಿಂದಿನಿಂದೊಂದು, ಎರಡು ಚಿತ್ರ ತಯಾರಾದವು. ನೋಡಲು ಬಂದ ರಾಮಾಂಜಿನಪ್ಪ ಮುಂದಿನ ಚಿತ್ರಕ್ಕೆ ಹಿಗ್ಗಿಹೋದ. "ಅಬ್ಬಬ್ಬಾ! ನಮ್ಮ ಮುನಿಗಂಗಮ್ಮನ ಮಗಳು ಏನು ಮಾಡ್ಬಿಟ್ಟವ್ಳೆ ನೋಡಪ್ಪಾ! ಒಂದು ಟಾಟಾ ಸುಮೋ ನಿಲ್ಸವ್ವ ಬಾಗಿಲತ್ರ. ಬಿಳೀದು."

"ನಿಲ್ಲಿಸ್ತೀನಿ. ಇದನ್ನೂ ನೋಡಿ ಅಧ್ಯಕ್ಷರೇ." ಕಾಲೊನಿಯಲ್ಲಿ ಎಲ್ಲರೂ ಅವನನ್ನು ಗೌಡ್ರೇ ಎನ್ನುತ್ತಿದ್ದರು. ಅವಳು ಅನ್ನಲಿಲ್ಲ.

ಎರಡನೆಯ ಚಿತ್ರದಲ್ಲಿ ಗೋಡೆಯ ನೆರಳಿನಡಿ ಒಂದು ಸಾಲು ಜನ, ತಲೆ ತಗ್ಗಿಸಿಕೊಂಡು.

"ಯಾರವ್ವ ಇವ್ರು?"

"ನಾವು."

"ಏ, ನಿಮ್ಮನ್ನ ಅಲ್ಲಿ ಕೂರಿಸ್ತೀವಿ ಅಂತ ಯಾರವ್ವ ಅಂದೋರು? ಅದು ಕೈ ತೊಳೆಯೋ ಜಾಗ!"

"ಕೈ ತೊಳೆಯಾಕೆ ಹಾಲ್ ಒಳಗೇ ನಲ್ಲಿ ಸಾಲು ಐತಲ್ಲ. ಈ ನಲ್ಲಿ ಯಾರ ಕೈಗೆ?"

ಅವನು ಮಂಜೇಶನ ಕಡೆ ನೋಡಿದ. ಮಂಜೇಶ ಪ್ರಿಂಟರಿನ ಕಡೆ ನೋಡಿದ.

"ಓದಿದ್ದೀಯ, ಸಂತೋಷ. ಊರಲ್ಲಿ ಜಗಳ ಹಚ್ಬೇಡ. ಆ ಜನಾನ ಅಳಿಸ್ಬಿಡು."

"ಜನಾನ ಅಳಿಸಿದ್ರೆ ಗೋಡೆ ಉಳೀತೈತೆ. ಗೋಡೆ ಅಳಿಸಿ ಅನ್ನಿ, ಈಗಲೇ ಅಳಿಸ್ತೀನಿ. ಒಂದು ಬಟನ್ನು."

ಅವನು ಟವೆಲ್ಲು ಕೊಡವಿ ಎದ್ದ. "ಮುಂದ್ಗಡೇದು ಮಾತ್ರ ಕಳ್ಸು. ಸುಮೋ ಮರೀಬೇಡ."

ಅವಳು ಮರೆಯಲಿಲ್ಲ. ಫ್ಲಾಪಿ ಬೆಂಗಳೂರಿಗೆ ಹೋಗಿ ಎರಡು ದೊಡ್ಡ ಪ್ರಿಂಟುಗಳಾಗಿ ಬಂತು. ಒಂದು ಪಂಚಾಯಿತಿಗೆ ಹೋಯಿತು, ಬಿಳಿ ಸುಮೋ ಸಮೇತ. ಇನ್ನೊಂದನ್ನು ಅವಳ ತಾಯಿ ಮುನಿಗಂಗಮ್ಮ ರಟ್ಟಿಗೆ ಅಂಟಿಸಿದಳು.

"ಇದ್ರಾಗೆ ನಾನ್ಯಾವಳೇ?"

"ಎಲ್ಲಾ ಒಂದೇ ಗೊಂಬೆ ಕಣವ್ವ. ಹಾಲಲ್ಲಿ ಕೂತಿರೋರೂ ಅದೇ ಗೊಂಬೆ."

"ಒಂದೇ ಅಂದ್ಮೇಲೆ ಅವ್ರಿಗೆ ಫ್ಯಾನು, ನಮಗೆ ಗೋಡೆ ನೆಳ್ಳು?" ಎಂದು ಮುನಿಗಂಗಮ್ಮ ಗೋಂದಿನ ಕೈ ಒರೆಸಿಕೊಂಡಳು. "ನಾಳೆ ನಾನೇ ಹಿಡ್ಕೊಂತೀನಿ ಬಿಡು."

ಪೂಜೆಯ ದಿನ ಮೇಸ್ತ್ರಿ ಚಿನ್ನಸ್ವಾಮಿ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಭವನದ ಗುರುತು ಹಾಕಿದ್ದ. ಹಾಲು, ಬಾಗಿಲು, ಆ ಗೋಡೆ, ಹಿಂಜಗಲಿ, ಎಲ್ಲ ಬಿಳಿ ಗೆರೆಗಳಲ್ಲಿ ನೆಲದ ಮೇಲಿತ್ತು. ಕಾಲೊನಿಯವರು ಎಂದಿನಂತೆ ದೂರ ನಿಲ್ಲದೆ ಚಪ್ಪರದ ಕಂಬದವರೆಗೂ ಬಂದು ನಿಂತರು. ಎಮ್ಮೆಲ್ಲೆ ಕಾರಿನಿಂದಿಳಿದು ಕಟ್ಟಿದ್ದ ಚಿತ್ರ ನೋಡಿ ತಲೆದೂಗಿದ. ಪಕ್ಕದಲ್ಲೇ ಮುನಿಗಂಗಮ್ಮ ಎತ್ತಿ ಹಿಡಿದದ್ದೂ ಕಣ್ಣಿಗೆ ಬಿತ್ತು.

"ಇದ್ಯಾವುದಮ್ಮ?"

"ಇದೂ ಅದೇ ಬಿಲ್ಡಿಂಗು ಸಾರ್" ಎಂದಳು ಜ್ಯೋತಿ. "ನಮ್ಮನ್ನ ಕೂರಿಸೋ ಕಡೆಯಿಂದ ತೆಗೆದಿದ್ದು."

ಪತ್ರಿಕೆಯವನೊಬ್ಬ ಕ್ಯಾಮೆರಾ ಎತ್ತಿದ. ಎಮ್ಮೆಲ್ಲೆ ರಾಮಾಂಜಿನಪ್ಪನ ಮುಖ ನೋಡಿದ.

"ಅದು ಹಳೇ ಪ್ಲಾನು ಸಾರ್!" ರಾಮಾಂಜಿನಪ್ಪನ ಕೊರಳು ಬೆವೆತಿತ್ತು. "ಆ ಗೋಡೆ ಬರಾಕಿಲ್ಲ. ಯಾವಾಗ್ಲೋ ತೆಗೆದಾಯ್ತು."

"ಹಂಗಾದ್ರೆ ಗೆರೆ ಅಳಿಸೋಕೆ ಹೇಳಿ ಅಧ್ಯಕ್ಷರೇ" ಎಂದಳು ಜ್ಯೋತಿ. "ಗುದ್ದಲಿ ಬೀಳೋಕೆ ಮುಂಚೆ."

ರಾಮಾಂಜಿನಪ್ಪನ ಮನಸ್ಸು ಕರಗಿತೆಂದು ಯಾರೂ ತಿಳಿಯಬೇಡಿ. ಎಮ್ಮೆಲ್ಲೆ ಎದುರು ಬಾಯಿ ಜಾರಿತು, ಅಷ್ಟೇ. ಜಾರಿದ ಮಾತನ್ನು ಹುಡುಗಿ ನೆಲಕ್ಕೆ ಬೀಳಲು ಬಿಡಲಿಲ್ಲ. ಅವನು ಮೇಸ್ತ್ರಿಯತ್ತ ಗದ್ದ ಆಡಿಸಿದ. ಚಿನ್ನಸ್ವಾಮಿ ಸಲಿಕೆ ತಂದು ಆ ಉದ್ದ ಗೆರೆಯನ್ನು ಮಣ್ಣಿನ ಸಮೇತ ಕೆರೆದು ಎಸೆದ.

ಪೂಜೆ ಮುಗಿದು ಪಾನಕ, ಕೋಸಂಬರಿ ಹಂಚತೊಡಗಿದರು. ಕಾಲೊನಿಯ ಪಾಲಿನ ಬಕೆಟ್ಟು ರೂಢಿಯಂತೆ ಹಿಂದುಗಡೆಗೆ ಹೊರಟಿತ್ತು. ಮುನಿಗಂಗಮ್ಮ ಸುಣ್ಣದಲ್ಲಿ ಬರೆದ ಮುಂಬಾಗಿಲಿನಿಂದ ಒಳಗೆ ನಡೆದು, ಹಾಲಿನ ನಟ್ಟನಡುವೆ ಸೆರಗು ಸಿಕ್ಕಿಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಪಕ್ಕಕ್ಕೆ ಜ್ಯೋತಿ ಕೂತಳು. ಒಬ್ಬೊಬ್ಬರಾಗಿ ಸಾಲು ಬೆಳೆಯಿತು.

"ಏ ಬಕೆಟ್ಟಪ್ಪಾ, ಎತ್ಲಾಗೋಗ್ತಿದ್ದೀಯ?" ಮುನಿಗಂಗಮ್ಮ ಕೂಗಿದಳು. "ಹಾಲಲ್ಲಿ ಕೂತಿದ್ದೀವಿ. ಬಡ್ಸು ಬಾ."