ಬಕೆಟ್ಟಿನ ಮೇಲೊಂದು ಸಹಿ

‘ಕ್ರಿಮಿ ಕಂಡುಬಂದಿಲ್ಲ’ ಎಂದು ಬರೆದವಳು ಲ್ಯಾಬಕ್ಕನೇ. ಹದಿನೆಂಟು ವರ್ಷದಿಂದ ಆಸ್ಪತ್ರೆಯಲ್ಲಿ ಮಲ ಪರೀಕ್ಷೆ ಮಾಡುತ್ತಿದ್ದವಳು, ಬರೆದದ್ದು ಸುಳ್ಳಲ್ಲ. ಆದರೆ ಅದೇ ಎರಡು ಪದ ಹಿಡಿದುಕೊಂಡು ಕಾಲರಾ ವಾರ್ಡಿನ ದೊಡ್ಡ ಡಾಕ್ಟರು ಅವಳ ತಂಗಿಯ ಡ್ರಿಪ್ ತೆಗೆಸಿ, ಸಂಜೆಯೊಳಗೆ ಮನೆಗೆ ಕಳಿಸಿ ಎಂದುಬಿಟ್ಟಿದ್ದರು. ಹಾಸಿಗೆಗಾಗಿ ಹೊರಗೆ ಸಾಲು ನಿಂತಿತ್ತು, ನಿಜ. ಆದರೂ ತನ್ನ ಕೈಬರಹವೇ ತಂಗಿಯ ಕುತ್ತಿಗೆಗೆ ಬಂತಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ತಂಗಿಯ ಕಣ್ಣುಗಳು ಗುಳಿ ಬಿದ್ದಿದ್ದವು. ಕುಡಿಸಿದ್ದೆಲ್ಲ ವಾಂತಿ. ಮಂಚದ ನಡುವಿನ ತೂತಿನ ಕೆಳಗೆ ಲೀಟರಿನ ಗೆರೆ ಎಳೆದ ಬಕೆಟ್ ಇಟ್ಟಿದ್ದರು. ಬೆಳಿಗ್ಗೆಯಿಂದ ಬಿದ್ದ ಭೇದಿಯ ನೀರು ನಾಲ್ಕನೇ ಗೆರೆ ದಾಟಿತ್ತು. ನರ್ಸಮ್ಮನನ್ನು ಕೇಳಿದರೆ, ಔಷಧಿಗೆ ಕ್ರಿಮಿ ಸತ್ತಿದೆಯಲ್ಲ, ನಿಮ್ಮದೇ ಚೀಟಿಯಲ್ಲವೇ ಎಂದಳು.

ಲ್ಯಾಬಕ್ಕ ಕೈಗವಸು ತೊಟ್ಟಳು. ಬಕೆಟ್ಟಿಗೆ ಮುಚ್ಚಳ ಬಿಗಿದು ಎತ್ತಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ, ಬಿಡುಗಡೆಯ ಕಾಗದದ ಮೇಲೆಯೇ ಕುಕ್ಕಿದಳು. ಬುದ್ಧಿ ನೆಟ್ಟಗಿದೆಯಾ ಎಂದು ಅವರು ಕುರ್ಚಿ ಹಿಂದಕ್ಕೆ ಸರಿಸಿದರು.

“ಕ್ರಿಮಿ ಸತ್ತಿದೆ ಸಾರ್, ಅದು ಬಿಟ್ಟ ವಿಷ ಸತ್ತಿಲ್ಲ. ಕರುಳಿನ ಜೀವಕೋಶದ ಒಳಗೆ ‘ನೀರು ಬಿಡು’, ‘ಇನ್ನು ಸಾಕು’ ಅಂತ ಹೇಳೋ ಸ್ವಿಚ್ಚಿದೆಯಲ್ಲ, ವಿಷ ಅದನ್ನ ‘ಬಿಡು’ ಕಡೆಗೇ ಅದುಮಿ ಜಾಮ್ ಮಾಡಿದೆ. ಅದುಮಿದವನು ಸತ್ತ ಅಂತ ಮೋಟರು ನಿಲ್ಲುತ್ತಾ? ಆ ಕೋಶಗಳು ಉದುರಿ ಹೊಸವು ಬರೋವರೆಗೂ ನೀರು ಹೋಗ್ತಾನೇ ಇರುತ್ತೆ.”

ಇದೆಲ್ಲ ತಮಗೂ ಗೊತ್ತು, ಲ್ಯಾಬಿನವರು ಲ್ಯಾಬು ನೋಡಿಕೊಳ್ಳಲಿ, ಇಲ್ಲವಾದರೆ ನೌಕರಿಗೇ ಕುತ್ತು ಎಂದರು ಡಾಕ್ಟರು. ಗೊತ್ತಿದ್ದೂ ಡ್ರಿಪ್ ತೆಗೆಸಿದಿರಾ ಎಂದು ಅವಳು ಕೇಳಲಿಲ್ಲ. ಜೇಬಿನಿಂದ ಸೀಸೆಗಳ ಮೇಲೆ ಬರೆಯುವ ಪೆನ್ನು ತೆಗೆದು ಚಾಚಿದಳು.

“ನೌಕರಿ ಹೋದ್ರೆ ಹೋಗ್ಲಿ. ನನಗಿರೋದು ಒಬ್ಬಳೇ ತಂಗಿ. ಅವಳನ್ನ ಕಳಿಸೋದಾದ್ರೆ ಈ ಬಕೆಟ್ಟಿನ ಮೇಲೆ ‘ವಾಸಿಯಾಗಿದೆ’ ಅಂತ ಬರೆದು ಸಹಿ ಹಾಕಿ.”

ಡಾಕ್ಟರು ಪೆನ್ನು ಮುಟ್ಟಲಿಲ್ಲ. ಬಗ್ಗಿ ಆ ನಾಲ್ಕನೇ ಗೆರೆಯನ್ನು ನೋಡಿದರು. ಆಮೇಲೆ ನರ್ಸಮ್ಮನನ್ನು ಕರೆದು, ಡ್ರಿಪ್ ಮತ್ತೆ ಹಾಕಿ ಎಂದರು. ಲ್ಯಾಬಕ್ಕ ಅಂದಿನಿಂದ ಪ್ರತಿ ಚೀಟಿಯಲ್ಲೂ ‘ಕ್ರಿಮಿ ಕಂಡುಬಂದಿಲ್ಲ’ದ ಕೆಳಗೆ ‘ಬಕೆಟ್ ನೋಡಿ’ ಎಂದು ಸೇರಿಸತೊಡಗಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಮೂರನೆಯ ದಿನ ಡಾಕ್ಟರ ಮೇಜಿನ ಮೇಲೆ ಮತ್ತೆ ಬಕೆಟ್ ಬಂತು, ತೊಳೆದು ಒಣಗಿಸಿದ ಖಾಲಿ ಬಕೆಟ್. ಈ ಸಲ ಅದನ್ನು ಹೊತ್ತು ತಂದವಳು ತಂಗಿ, ತನ್ನ ಕಾಲ ಮೇಲೆ ತಾನೇ ನಡೆದು.

“ಈಗ ಸಹಿ ಹಾಕಿ ಸಾರ್,” ಎಂದು ಅಕ್ಕನ ಪೆನ್ನು ಚಾಚಿದಳು.